ಡಾಕ್ಟ್ರು ‘ಸುಮಾರು ಒಂದು ವರ್ಷ’ ಅಂದಾಗ ಏನು ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಊರು ಉಡುಪಿ ಹತ್ತಿರ. ಅಪ್ಪನಿಗೆ 63 ವರ್ಷ, ಬಸ್ ಡ್ರೈವರ್ ಆಗಿದ್ದವರು. ಎರಡು ತಿಂಗಳ ಹಿಂದೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯ್ತು. ನಾಲ್ಕನೇ ಹಂತ, ಬೆನ್ನು ಮೂಳೆಗೂ ಹೋಗಿದೆ. ಎರಡು ಕೀಮೋ ಆಗಿದೆ. ಓಡಾಡ್ತಾರೆ, ಆದ್ರೆ ಮೆಟ್ಟಿಲು ಹತ್ತಿದ್ರೆ ಏದುಸಿರು, ಊಟ ಸೇರೋದಿಲ್ಲ. ನಾನು ಒತ್ತಾಯ ಮಾಡಿ ಕೇಳಿದ್ದಕ್ಕೆ ಡಾಕ್ಟ್ರು ‘ಸುಮಾರು ಒಂದು ವರ್ಷ’ ಅಂದ್ರು. ಅಪ್ಪನಿಗೆ ಯಾರೂ ಹೇಳಿಲ್ಲ, ಕಫ ಕಟ್ಟಿದೆ ಅಂತಷ್ಟೇ ಹೇಳಿದ್ದೇವೆ. ಈಗ ಪ್ಯಾಲಿಯೇಟಿವ್ ವಿಭಾಗಕ್ಕೂ ತೋರಿಸಿ ಅಂತ ಚೀಟಿ ಕೊಟ್ಟಿದ್ದಾರೆ. ಅಂದ್ರೆ ಕೈ ಬಿಟ್ಟ ಹಾಗೇ ಅಲ್ವಾ? ಒಂದು ಟ್ರಯಲ್‌ಗೆ ಸೇರಿಸ್ತೀರಾ ಅಂತಲೂ ಕೇಳಿದ್ರು. ಅಪ್ಪನ ಮೇಲೆ ಪ್ರಯೋಗ ಮಾಡಿಸೋದು ನನಗೆ ಇಷ್ಟ ಇಲ್ಲ. ಅಣ್ಣ ದುಬೈಯಲ್ಲಿದ್ದಾನೆ, ‘ಸರಿಯಾಗಿ ಎಷ್ಟು ದಿನ ಅಂತ ಕೇಳು, ರಜೆ ಹಾಕ್ಬೇಕು’ ಅಂತ ದಿನಾ ಫೋನ್ ಮಾಡ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ: ಮೊದಲು ಅಣ್ಣನ ವಿಷಯ. ಅವರು ಈಗಲೇ ಬರಲಿ. ಕೊನೆಯ ಹದಿನೈದು ದಿನಕ್ಕೆ ಅಂತ ರಜೆ ಉಳಿಸಿಟ್ಟುಕೊಳ್ಳುವುದು ಬೇಡ. ಅಪ್ಪ ಎದ್ದು ಓಡಾಡುತ್ತಿರುವಾಗ, ಹಳೇ ರೂಟಿನ ಕತೆ ಹೇಳುವಷ್ಟು ಉಸಿರು ಇರುವಾಗ ಬಂದು ನಾಲ್ಕು ದಿನ ಜೊತೆಗಿದ್ದು ಹೋಗಲಿ. ಆಮೇಲೆ ಇನ್ನೊಮ್ಮೆ ಬರಬೇಕಾದರೆ ಬರಲಿ. ‘ಸರಿಯಾಗಿ ಎಷ್ಟು ದಿನ’ ಅನ್ನುವುದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. ಯಾಕಿಲ್ಲ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಅರ್ಥವಾದರೆ ನಿಮ್ಮ ಉಳಿದ ಪ್ರಶ್ನೆಗಳೂ ಸುಲಭವಾಗುತ್ತವೆ.

‘ಒಂದು ವರ್ಷ’ ಅನ್ನುವ ಮಾತು ಎಲ್ಲಿಂದ ಬರುತ್ತದೆ? ನಿಮ್ಮ ಅಪ್ಪನಂಥ ಕಾಯಿಲೆ ಇದ್ದ ನೂರಾರು ಜನರನ್ನು ಒಂದು ಅಧ್ಯಯನದಲ್ಲಿ ಗಮನಿಸಿರುತ್ತಾರೆ. ಯಾರು ಎಷ್ಟು ತಿಂಗಳು ಬದುಕಿದರು ಅಂತ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿದರೆ, ಸರಿಯಾಗಿ ನಡುವೆ ನಿಂತ ವ್ಯಕ್ತಿಯ ತಿಂಗಳು ಎಷ್ಟೋ ಅದೇ ಈ ಸಂಖ್ಯೆ. ನಾವು ಬಾಯಿ ಮಾತಿಗೆ ಸರಾಸರಿ ಅನ್ನುತ್ತೇವೆ, ಆದರೆ ಅದು ಸರಾಸರಿ ಅಲ್ಲ, ನಡುವಿನ ಸಂಖ್ಯೆ. ಹನ್ನೊಂದು ಜನ ಸಾಲಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಆರನೆಯವರು ಹನ್ನೆರಡು ತಿಂಗಳು ಬದುಕಿದ್ದಾರೆ. ಅವರ ಮುಂದಿನ ಐವರು ಅದಕ್ಕಿಂತ ಕಡಿಮೆ, ಹಿಂದಿನ ಐವರು ಅದಕ್ಕಿಂತ ಜಾಸ್ತಿ. ಹಿಂದಿನ ಐವರಲ್ಲಿ ಒಬ್ಬರು ಹದಿಮೂರು ತಿಂಗಳಿಗೆ ಹೋಗಿರಬಹುದು, ಇನ್ನೊಬ್ಬರು ನಾಲ್ಕು ವರ್ಷ ಕಳೆದು ಇವತ್ತಿಗೂ ತೋಟಕ್ಕೆ ನೀರು ಬಿಡುತ್ತಿರಬಹುದು. ‘ಒಂದು ವರ್ಷ’ ಅನ್ನುವ ಮಾತಿನಲ್ಲಿ ಇವರ್ಯಾರೂ ಕಾಣಿಸುವುದಿಲ್ಲ.

ಹಾಗಾಗಿ ನಾನು ಒಂದು ಸಂಖ್ಯೆ ಹೇಳುವುದನ್ನೇ ಬಿಟ್ಟಿದ್ದೇನೆ. ಆಸ್ಟ್ರೇಲಿಯಾದ ಸಿಡ್ನಿಯ ಸಂಶೋಧಕರು, ಹರಡಿದ ಕ್ಯಾನ್ಸರ್‌ಗಳ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಒಂದು ಸುಲಭದ ಲೆಕ್ಕ ಕೊಟ್ಟಿದ್ದಾರೆ. ನಡುವಿನ ಸಂಖ್ಯೆಯ ಅರ್ಧದಿಂದ ಎರಡು ಪಟ್ಟಿನ ಒಳಗೆ ಸುಮಾರು ಅರ್ಧದಷ್ಟು ಜನ ಬರುತ್ತಾರೆ. ನೂರರಲ್ಲಿ ಹತ್ತರಷ್ಟು ಜನ ಅದರ ಕಾಲು ಭಾಗವನ್ನೂ ದಾಟುವುದಿಲ್ಲ. ಇನ್ನು ಹತ್ತರಷ್ಟು ಜನ ಮೂರು ಪಟ್ಟನ್ನೂ ದಾಟುತ್ತಾರೆ. ಹನ್ನೆರಡು ತಿಂಗಳಿಗೆ ಹಚ್ಚಿ ನೋಡಿ. ಅರ್ಧದಷ್ಟು ಜನ ಆರು ತಿಂಗಳಿನಿಂದ ಎರಡು ವರ್ಷದ ಒಳಗೆ. ಕೆಲವರಿಗೆ ಮೂರು ತಿಂಗಳೂ ಇಲ್ಲ. ಕೆಲವರಿಗೆ ಮೂರು ವರ್ಷಕ್ಕಿಂತ ಜಾಸ್ತಿ. ಇದನ್ನು ಅಣ್ಣನಿಗೆ ಹೀಗೇ ಹೇಳಿ. ಕೆಟ್ಟದಕ್ಕೂ ತಯಾರಾಗಬಹುದು, ಒಳ್ಳೆಯದನ್ನು ಆಶಿಸುವುದೂ ಸುಳ್ಳಾಗುವುದಿಲ್ಲ.

ಅಪ್ಪ ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೆ ಅನ್ನುವುದಕ್ಕೆ ಒಂದೆರಡು ಸುಳಿವು ಇದೆ. ಮೊದಲನೆಯದು ಮನೆಯಲ್ಲೇ ಕಾಣುವಂಥದ್ದು. ಹಗಲು ಹೊತ್ತಿನಲ್ಲಿ ಎಷ್ಟು ಸಮಯ ಮಲಗಿರುತ್ತಾರೆ? ಸ್ನಾನ, ಬಟ್ಟೆ ತಾವೇ ಮಾಡಿಕೊಳ್ಳುತ್ತಾರಾ? ನಾವು ಓಪಿಡಿಯಲ್ಲಿ ಇದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತೇವೆ. ಸೊನ್ನೆ ಅಂದರೆ ಮೊದಲಿನ ಹಾಗೇ ಓಡಾಟ, ನಾಲ್ಕು ಅಂದರೆ ಪೂರ್ತಿ ಹಾಸಿಗೆ. ಎಷ್ಟೋ ಸಲ ಸ್ಕ್ಯಾನ್ ರಿಪೋರ್ಟಿಗಿಂತ ಈ ಅಂಕವೇ ಹೆಚ್ಚು ಹೇಳುತ್ತದೆ. ನಿಮ್ಮ ಅಪ್ಪ ಓಡಾಡುತ್ತಿದ್ದಾರೆ ಅಂದರೆ ಅದು ಒಳ್ಳೆಯ ಸುಳಿವು.

ಎರಡನೆಯದು ಬಯಾಪ್ಸಿ ತುಣುಕಿನ, ಅಂದರೆ ಗಡ್ಡೆಯಿಂದ ತೆಗೆದ ಚೂರಿನ ಮೇಲೆ ಮಾಡುವ ಪರೀಕ್ಷೆ. ಶ್ವಾಸಕೋಶದ ಕ್ಯಾನ್ಸರ್ ಅನ್ನುವುದು ಒಂದೇ ಕಾಯಿಲೆಯ ಹೆಸರಲ್ಲ. 2002ರಲ್ಲಿ ಅಮೆರಿಕದಲ್ಲಿ ನಾಲ್ಕು ಬಗೆಯ ಕೀಮೋ ಹೋಲಿಸಿ ನೋಡಿದ್ದರು. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ, ನಡುವಿನ ಸಂಖ್ಯೆ ಎಂಟು ತಿಂಗಳ ಆಸುಪಾಸು. ಆ ಕಾಲದ ಲೆಕ್ಕವೇ ಇಂಟರ್ನೆಟ್ಟಿನಲ್ಲಿ ಇನ್ನೂ ಓಡಾಡುತ್ತಿದೆ. ಆಮೇಲೆ ತುಂಬಾ ಬದಲಾಗಿದೆ. ಎಎಲ್‌ಕೆ ಅನ್ನುವ ಜೀನ್ ಕೆಟ್ಟಿದ್ದರೆ ಲೊರ್ಲಾಟಿನಿಬ್ ಅಂತ ಒಂದು ಮಾತ್ರೆ ಇದೆ. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ, ಅದನ್ನೇ ಮೊದಲಿಗೆ ತಗೊಂಡವರಲ್ಲಿ ಐದು ವರ್ಷ ಕಳೆದರೂ ಕಾಯಿಲೆ ಮುಂದುವರಿಯದೆ ಇದ್ದವರು ಶೇಕಡಾ 60. ಅದೂ ಹರಡಿದ ಹಂತದಲ್ಲಿ. ಇನ್ನು ಕ್ಯಾನ್ಸರ್ ಕೋಶಗಳಲ್ಲಿ ಶೇಕಡಾ 50 ಅಥವಾ ಅದಕ್ಕಿಂತ ಜಾಸ್ತಿ ಕೋಶಗಳ ಮೇಲೆ ಪಿಡಿ-ಎಲ್1 ಅನ್ನುವ ಪ್ರೋಟೀನ್ ಇದ್ದವರಿಗೆ, ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಪೆಂಬ್ರೊಲಿಜುಮ್ಯಾಬ್ ಇಂಜೆಕ್ಷನ್ ಕೊಟ್ಟ ಅಧ್ಯಯನದಲ್ಲಿ ಐದು ವರ್ಷಕ್ಕೆ ಬದುಕಿದ್ದವರು ಸುಮಾರು ಶೇಕಡಾ 32, ಬರೀ ಕೀಮೋದಿಂದ ಶುರು ಮಾಡಿದವರಲ್ಲಿ 16. ಆ ಇಂಜೆಕ್ಷನ್ ದುಬಾರಿ, ಎಲ್ಲರ ಕೈಗೆಟಕುವುದಿಲ್ಲ, ಅದೂ ನಿಜ. ಆದರೆ ಇಜಿಎಫ್‌ಆರ್ ಅನ್ನುವ ಜೀನ್ ಬದಲಾವಣೆ ನಮ್ಮ ದೇಶದಲ್ಲಿ ಅಡಿನೊಕಾರ್ಸಿನೋಮಾ ಅನ್ನುವ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ನಾಲ್ಕರಲ್ಲಿ ಒಬ್ಬರಿಗಾದರೂ ಸಿಗುತ್ತದೆ, ಅದಕ್ಕೆ ಮಾತ್ರೆ ಇದೆ. ಹಾಗಾಗಿ ಮುಂದಿನ ಸಲ ಹೋದಾಗ ಇದೊಂದನ್ನು ಬಿಡಬೇಡಿ: ‘ಜೀನ್ ಪರೀಕ್ಷೆ ಆಗಿದೆಯಾ? ಏನು ಬಂತು?’ ರಿಪೋರ್ಟ್ ಬರುವ ಮೊದಲೇ ಹೇಳಿದ ‘ಒಂದು ವರ್ಷ’ವಾಗಿದ್ದರೆ ಅದನ್ನು ಮತ್ತೆ ಲೆಕ್ಕ ಹಾಕಬೇಕಾಗಬಹುದು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಡಾಕ್ಟ್ರುಗಳು ಹೇಳುವ ಕಾಲ ಸಾಮಾನ್ಯವಾಗಿ ತಪ್ಪುತ್ತದೆ, ಅದೂ ಜಾಸ್ತಿ ಹೇಳುವ ಕಡೆಗೆ. 2000ನೇ ಇಸವಿಯಲ್ಲಿ ಶಿಕಾಗೋದಲ್ಲಿ ಕೊನೆಗಾಲದ ಆರೈಕೆಗೆ ಬಂದ 468 ರೋಗಿಗಳ ಬಗ್ಗೆ ಅವರವರ ಡಾಕ್ಟ್ರುಗಳ ಅಂದಾಜು ಕೇಳಿದ್ದರು. ಸರಿಯಾಗಿದ್ದದ್ದು ನೂರಕ್ಕೆ 20. ಇದ್ದದ್ದಕ್ಕಿಂತ ಜಾಸ್ತಿ ಹೇಳಿದ್ದು ನೂರಕ್ಕೆ 63. ನಮಗೂ ರೋಗಿಯ ಮೇಲೆ ಪ್ರೀತಿ ಬೆಳೆದಿರುತ್ತದೆ, ಕಡಿಮೆ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಅಣ್ಣನಿಗೆ ಈಗಲೇ ಬರಲಿ ಅಂದಿದ್ದು.

ಈಗ ಪ್ಯಾಲಿಯೇಟಿವ್ ಚೀಟಿ. ಪ್ಯಾಲಿಯೇಟಿವ್ ಅಂದರೆ ನೋವು, ಏದುಸಿರಿನಂಥ ಸಂಕಟ ತಗ್ಗಿಸಿ, ದಿನಗಳು ಚೆನ್ನಾಗಿರುವ ಹಾಗೆ ನೋಡಿಕೊಳ್ಳುವ ಆರೈಕೆ. ಇದರ ಬಗ್ಗೆ ನನಗೆ ಹೇಳಲಿಕ್ಕೆ ತುಂಬಾ ಇದೆ, ಯಾಕೆಂದರೆ ಇಲ್ಲೇ ನಮ್ಮ ಜನ ಸುಮ್ನೆ ನೋವು ತಿನ್ನುತ್ತಾರೆ.

ಕೈ ಬಿಟ್ಟ ಹಾಗೆ ಅಲ್ಲವೇ ಅಲ್ಲ. 2010ರಲ್ಲಿ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದ 151 ಜನಕ್ಕೂ ನಿಮ್ಮ ಅಪ್ಪನದ್ದೇ ಕಾಯಿಲೆ: ಹರಡಿದ ಶ್ವಾಸಕೋಶದ ಕ್ಯಾನ್ಸರ್, ಹೊಸದಾಗಿ ಗೊತ್ತಾದದ್ದು. ಅರ್ಧ ಜನಕ್ಕೆ ಮಾಮೂಲಿ ಕ್ಯಾನ್ಸರ್ ಚಿಕಿತ್ಸೆ. ಇನ್ನರ್ಧ ಜನಕ್ಕೆ ಅದೇ ಚಿಕಿತ್ಸೆಯ ಜೊತೆಗೆ ಶುರುವಿನಿಂದಲೇ ಪ್ಯಾಲಿಯೇಟಿವ್ ತಂಡದ ಭೇಟಿ. ಮೂರು ತಿಂಗಳಾದ ಮೇಲೆ ನೋಡಿದರೆ ಎರಡನೇ ಗುಂಪಿನವರ ದಿನಗಳು ಚೆನ್ನಾಗಿದ್ದವು. ಮನಸ್ಸು ಕುಗ್ಗಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 38, ಇವರಲ್ಲಿ 16. ಕೊನೆಗಾಲದಲ್ಲಿ ಕೀಮೋದಂಥ ಕಠಿಣ ಚಿಕಿತ್ಸೆಗೆ ಓಡಾಡಿದ್ದೂ ಇವರಲ್ಲೇ ಕಡಿಮೆ. ಹಾಗಿದ್ದೂ ಇವರು ಬದುಕಿದ್ದು ಜಾಸ್ತಿ: ನಡುವಿನ ಸಂಖ್ಯೆ 11.6 ತಿಂಗಳು, ಇನ್ನೊಂದು ಗುಂಪಿನದ್ದು 8.9. ಆಮೇಲೆ ಬಂದ ಎಲ್ಲ ಅಧ್ಯಯನಗಳಲ್ಲೂ ಆಯುಷ್ಯ ಹೀಗೆ ಹೆಚ್ಚಾಗಿಲ್ಲ, ಆ ಆಸೆ ಕೊಡಲಾರೆ. ಆದರೆ ಆಯುಷ್ಯ ಕಡಿಮೆ ಮಾಡುತ್ತದೆ ಅನ್ನುವ ಹೆದರಿಕೆಗೆ ಆಧಾರ ಇಲ್ಲ. ಅದೇ ತಂಡದವರು 2024ರಲ್ಲಿ 1250 ಜನರ ಮೇಲೆ ಇನ್ನೊಂದು ಫಲಿತಾಂಶ ಕೊಟ್ಟರು: ಪ್ಯಾಲಿಯೇಟಿವ್ ಭೇಟಿ ವಿಡಿಯೋ ಕಾಲ್‌ನಲ್ಲಿ ಆದರೂ ಆಸ್ಪತ್ರೆಗೆ ಹೋಗಿ ಆದಷ್ಟೇ ಪ್ರಯೋಜನ. ಬೈಂದೂರಿನಿಂದಲೋ ಸುಳ್ಯದಿಂದಲೋ ಬಸ್ಸು ಬದಲಿಸಿ ಬರುವವರಿಗೆ ಇದು ಸಣ್ಣ ವಿಷಯವಲ್ಲ. ನಿಮಗೆ ಮಣಿಪಾಲ ಹತ್ತಿರ. ಅಲ್ಲಿ ಪ್ಯಾಲಿಯೇಟಿವ್ ವಿಭಾಗವೂ ಇದೆ, ಹಾಸ್ಪೈಸ್, ಅಂದರೆ ಕೊನೆಗಾಲದ ಆರೈಕೆಯ ಕೇಂದ್ರ ಕೂಡ ಇದೆ. ಚೀಟಿ ಹಿಡಿದುಕೊಂಡು ಈ ವಾರವೇ ಹೋಗಿ.

ಹೋದರೆ ಏನು ಮಾಡುತ್ತಾರೆ ಅಂತ ಕೇಳಬಹುದು. ಅಪ್ಪನ ಏದುಸಿರನ್ನೇ ತಗೊಳ್ಳಿ. ಆಮ್ಲಜನಕ ಸರಿ ಇದ್ದರೂ ಉಸಿರು ಕಟ್ಟಿದ ಹಾಗೆ ಆಗುತ್ತದೆ, ಹೆದರಿಕೆಯಿಂದ ಇನ್ನೂ ಜಾಸ್ತಿಯಾಗುತ್ತದೆ. ಅದಕ್ಕೆ ಮೊದಲ ಮದ್ದು ಗಾಳಿ. ಮುಖಕ್ಕೆ, ಮೂಗು ಬಾಯಿಯ ಹತ್ತಿರಕ್ಕೆ ತಣ್ಣಗೆ ಗಾಳಿ ಬಡಿದರೆ ಏದುಸಿರು ಕಡಿಮೆ ಅನ್ನಿಸುತ್ತದೆ. ಇದನ್ನು 2010ರಲ್ಲಿ ಇಂಗ್ಲೆಂಡಿನಲ್ಲಿ 50 ಜನರ ಮೇಲೆ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಕೈಯಲ್ಲಿ ಹಿಡಿಯುವ ಸಣ್ಣ ಬ್ಯಾಟರಿ ಫ್ಯಾನನ್ನು ಐದು ನಿಮಿಷ ಮುಖಕ್ಕೆ, ಐದು ನಿಮಿಷ ಕಾಲಿಗೆ ಹಿಡಿದರು. ಮುಖಕ್ಕೆ ಹಿಡಿದಾಗಲೇ ಉಪಯೋಗ ಆಯಿತು. ನಮ್ಮ ವಾರ್ಡಿನಲ್ಲಿ ಒಬ್ಬರು ಅಜ್ಜಿ ಇದ್ದರು. ಗಂಡನ ಮಂಚದ ಪಕ್ಕ ಕೂತು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದರು. ಅಂಚು ಸವೆದು, ಹಿಡಿಯುವಲ್ಲಿ ಕಪ್ಪಾಗಿ ನುಣುಪಾದ ಬೀಸಣಿಗೆ. ‘ಮೇಲೆ ಫ್ಯಾನ್ ತಿರುಗ್ತಾ ಉಂಟಲ್ಲ ಅಜ್ಜಿ’ ಅಂದರೆ, ‘ಅದು ಎಲ್ಲರಿಗೂ ತಿರುಗ್ತದೆ, ಇದು ಇವರಿಗೆ’ ಅನ್ನುತ್ತಿದ್ದರು. ಅವರು ಯಾವ ಸಂಶೋಧನೆಯನ್ನೂ ಓದಿದವರಲ್ಲ, ಆದರೆ ಮಾಡುತ್ತಿದ್ದದ್ದು ಸರಿಯಾಗಿತ್ತು. ಮನೆಯಲ್ಲಿ ಹಾಳೆ ಬೀಸಣಿಗೆ ಇದ್ದರೆ ತೆಗೆದಿಡಿ. ಕಿಟಕಿಯ ಹತ್ತಿರ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿ ಮೊಣಕೈ ಮೇಜಿನ ಮೇಲೆ ಊರಿ ಕೂರಲಿ. ಅದಕ್ಕೂ ತಗ್ಗದಿದ್ದರೆ ಸಣ್ಣ ಪ್ರಮಾಣದ ಮಾರ್ಫಿನ್ ಕೊಡುವುದಿದೆ, ಅದನ್ನು ಅಲ್ಲಿಯ ಡಾಕ್ಟ್ರೇ ನಿರ್ಧಾರ ಮಾಡುತ್ತಾರೆ.

ಮಾರ್ಫಿನ್ ಅಂದ ಕೂಡಲೇ ಮನೆಯವರ ಮುಖ ಬಿಳಿಚಿಕೊಳ್ಳುತ್ತದೆ. ನನ್ನ ಸ್ವಂತ ದೊಡ್ಡಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ನಾನಾಗ ಮೆಡಿಕಲ್ ಓದುತ್ತಿದ್ದೆ. ತೋರಿಸುತ್ತಿದ್ದ ಕಡೆ ‘ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ, ಅದು ಕೊನೆಗೆ’ ಅಂದರು, ನಾವೂ ತಲೆಯಾಡಿಸಿದೆವು. ದೊಡ್ಡಮ್ಮ ಮೂರು ತಿಂಗಳು ರಾತ್ರಿಯೆಲ್ಲ ಗೋಡೆಗೆ ಬೆನ್ನು ಒತ್ತಿಕೊಂಡು ಕೂತಿದ್ದರು. ಮಲಗಿದರೆ ನೋವು. ಆ ಗೋಡೆಯಲ್ಲಿ ಅವರ ಬೆನ್ನಿನ ಎಣ್ಣೆಯ ಗುರುತು ಬಿದ್ದಿತ್ತು, ಸುಣ್ಣ ಹೊಡೆಸಿದ ಮೇಲೂ ಸ್ವಲ್ಪ ಕಾಣುತ್ತಿತ್ತು. ನಾನು ಈ ಕೆಲಸಕ್ಕೆ ಬಂದದ್ದೇ ಆ ಗೋಡೆಯಿಂದ. ಈಗ ಗೊತ್ತಿರುವುದನ್ನು ಹೇಳುತ್ತೇನೆ: ಕ್ಯಾನ್ಸರ್ ನೋವಿಗೆ ಡಾಕ್ಟ್ರು ಹೇಳಿದ ಅಳತೆಯಲ್ಲಿ ಮಾರ್ಫಿನ್ ತಗೊಂಡರೆ ಚಟ ಹತ್ತುವುದು ಅಪರೂಪ. ಹತ್ತುವುದು ಮಲಬದ್ಧತೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಮದ್ದು ಕೊಡುತ್ತಾರೆ. ನೋವು ಬಂದ ಮೇಲೆ ನುಂಗುವುದಲ್ಲ, ಗಂಟೆ ನೋಡಿ ನುಂಗುವುದು.

ಊಟ ಸೇರೋದಿಲ್ಲ ಅಂದಿರಿ. ಇದಕ್ಕೂ ನಮ್ಮ ದೇಶದಲ್ಲೇ ಒಂದು ಒಳ್ಳೆಯ ಅಧ್ಯಯನ ಆಗಿದೆ, ಪುದುಚೇರಿಯ ಜಿಪ್ಮರ್ ಆಸ್ಪತ್ರೆಯಲ್ಲಿ. ಶ್ವಾಸಕೋಶ, ಹೊಟ್ಟೆ, ಪಿತ್ತಜನಕಾಂಗದ ಕಡೆಯ ಕ್ಯಾನ್ಸರ್‌ಗೆ ಕೀಮೋ ತಗೊಳ್ಳುತ್ತಿದ್ದ 124 ಜನರಲ್ಲಿ ಅರ್ಧ ಜನಕ್ಕೆ ಓಲಾಂಜಪಿನ್ 2.5 ಮಿಲಿಗ್ರಾಂ ಮಾತ್ರೆ ದಿನಕ್ಕೊಂದು, ಇನ್ನರ್ಧಕ್ಕೆ ಮದ್ದಿಲ್ಲದ ಮಾತ್ರೆ, ಹನ್ನೆರಡು ವಾರ. ಮೈತೂಕ ಶೇಕಡಾ ಐದಕ್ಕಿಂತ ಜಾಸ್ತಿ ಏರಿದವರು ಮದ್ದಿನ ಗುಂಪಿನಲ್ಲಿ ನೂರಕ್ಕೆ 60, ಇನ್ನೊಂದರಲ್ಲಿ ಬರೀ 9. ಫಲಿತಾಂಶ ಬಂದದ್ದು 2023ರಲ್ಲಿ. ಹಳೇ ಮಾತ್ರೆ, ದುಬಾರಿಯೂ ಅಲ್ಲ. ಮಾನಸಿಕ ಕಾಯಿಲೆಗೆ ಕೊಡುವ ಮದ್ದು ಅಂತ ಮೆಡಿಕಲ್ ಶಾಪಿನಲ್ಲಿ ಯಾರಾದರೂ ಹೇಳಿದರೆ ಗಾಬರಿ ಆಗಬೇಡಿ. ಆದರೆ ನೀವೇ ತಂದು ಕೊಡಬೇಡಿ, ಶುಗರ್ ಇದ್ದರೆ, ತೂಕಡಿಕೆ ಜಾಸ್ತಿ ಇದ್ದರೆ ಯೋಚನೆ ಮಾಡಬೇಕಾಗುತ್ತದೆ. ‘ಇದು ನಮ್ಮ ಅಪ್ಪನಿಗೆ ಆಗ್ತದಾ’ ಅಂತ ಕೇಳಿ. ಮತ್ತೆ ಪಥ್ಯ ಅಂತ ಮೀನು ಬಿಡಿಸಿದ್ದರೆ ಇವತ್ತೇ ಶುರು ಮಾಡಿ. ಬಂಗುಡೆ, ಮುರು, ಮೊಟ್ಟೆ ಯಾವುದಾದರೂ ಆಗಬಹುದು, ಚೆನ್ನಾಗಿ ಬೆಂದಿರಬೇಕು ಅಷ್ಟೆ. ಕುಚ್ಚಲಕ್ಕಿ ಗಂಜಿ ಮಾತ್ರ ಕುಡಿದರೆ ಮೈ ಇಳಿಯುತ್ತದೆ. ಒಂದೇ ಸಲ ದೊಡ್ಡ ಬಟ್ಟಲು ಬೇಡ, ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ.

ಲಕ್ಷ್ಮಣ ಫಲದ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಖಂಡಿತ ತಂದು ಕೊಟ್ಟಿರುತ್ತಾರೆ. ಪ್ರಯೋಗಾಲಯದ ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶವನ್ನು ಅದರ ರಸ ಕೊಲ್ಲುತ್ತದೆ, ಅಷ್ಟು ನಿಜ. ತಟ್ಟೆಯಲ್ಲಿ ಕೊಲ್ಲುವ ವಸ್ತು ಸಾವಿರ ಇದೆ, ಮನುಷ್ಯನ ಮೈಯಲ್ಲಿ ಕೆಲಸ ಮಾಡಿದ್ದು ಕೆಲವೇ. ಈ ಹಣ್ಣಿನಿಂದ ಮನುಷ್ಯರ ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ತೋರಿಸಿದ ಅಧ್ಯಯನ ಇಲ್ಲ. ಹಣ್ಣು ಒಂದು ತುಂಡು ತಿಂದರೆ ತಿನ್ನಲಿ. ಎಲೆಯ ಕಷಾಯ ದಿನಾ ಕುಡಿಸಬೇಡಿ, ಅದರಲ್ಲಿ ನರಕ್ಕೆ ಕೆಡುಕು ಮಾಡುವ ಅಂಶ ಇದೆ.

ಹೀಗೆ ಬಂದಾಗ ಟ್ರಯಲ್ ವಿಷಯಕ್ಕೂ ಬಂದ ಹಾಗೆ ಆಯಿತು. ತಟ್ಟೆಯಲ್ಲಿ ಕಂಡದ್ದು ಮನುಷ್ಯನಿಗೆ ಆಗುತ್ತದೋ ಇಲ್ಲವೋ ಅಂತ ತಿಳಿಯಲು ಟ್ರಯಲ್ ಬಿಟ್ಟರೆ ಬೇರೆ ದಾರಿ ಇಲ್ಲ. ಮೇಲೆ ನಾನು ಬರೆದ ಒಂದೊಂದು ಸಂಖ್ಯೆಯ ಹಿಂದೆಯೂ ‘ಆಗಲಿ’ ಅಂತ ಸಹಿ ಹಾಕಿದ ಯಾರದೋ ಅಪ್ಪ, ಯಾರದೋ ಅಮ್ಮ ಇದ್ದಾರೆ. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಇಜಿಎಫ್‌ಆರ್ ಬದಲಾವಣೆ ಇದ್ದ 350 ರೋಗಿಗಳ ಮೇಲೆ ಒಂದು ಟ್ರಯಲ್ ಆಯಿತು. ಗೆಫಿಟಿನಿಬ್ ಮಾತ್ರೆ ಒಂದೇ ಕೊಡುವುದೋ, ಅದರ ಜೊತೆ ಕೀಮೋ ಸೇರಿಸುವುದೋ ಅನ್ನುವುದು ಪ್ರಶ್ನೆ. ಕಾಯಿಲೆ ಮತ್ತೆ ಮುಂದುವರಿಯುವವರೆಗಿನ ಕಾಲ ಎಂಟು ತಿಂಗಳಿದ್ದದ್ದು ಹದಿನಾರಾಯಿತು. ಸುಸ್ತು, ರಕ್ತಕಣ ಇಳಿಯುವುದು ಕೀಮೋ ಗುಂಪಿನಲ್ಲಿ ಜಾಸ್ತಿಯೇ ಇತ್ತು, ಅದನ್ನೂ ಅವರು ಬರೆದಿದ್ದಾರೆ. ಎರಡೂ ಹಳೇ ಮದ್ದುಗಳೇ, ಸೇರಿಸಿದ್ದು ಮಾತ್ರ ಹೊಸದು.

ಹಾಗಂತ ಸೇರಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. ಟ್ರಯಲ್‌ನ ಮೊದಲ ಉದ್ದೇಶ ನಿಮ್ಮ ಅಪ್ಪನನ್ನು ವಾಸಿ ಮಾಡುವುದಲ್ಲ. ಗೊತ್ತಿಲ್ಲದ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು. ಹೊಸ ಮದ್ದು ಹಳೆಯದಕ್ಕಿಂತ ಒಳ್ಳೆಯದು ಅಂತ ಮೊದಲೇ ಗೊತ್ತಿದ್ದರೆ ಟ್ರಯಲ್ ಬೇಕಾಗಿಯೇ ಇರಲಿಲ್ಲ. ಯಾವ ಟ್ರಯಲ್ ಅಂತ ನೀವು ಬರೆದಿಲ್ಲ, ಹಾಗಾಗಿ ಏನು ಕೇಳಬೇಕು ಅಂತ ಹೇಳುತ್ತೇನೆ. ಎಷ್ಟನೇ ಹಂತದ್ದು? ಒಂದನೇ ಹಂತ ಅಂದರೆ ಮದ್ದಿನ ಅಳತೆ, ಸುರಕ್ಷತೆ ನೋಡುವುದು. ಮೂರನೇ ಹಂತ ಅಂದರೆ ಈಗಿನ ಚಿಕಿತ್ಸೆಯ ಜೊತೆ ಹೋಲಿಸುವುದು. ಯಾವ ಗುಂಪಿಗೆ ಬೀಳುತ್ತಾರೆ ಅನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತದೆ, ಡಾಕ್ಟ್ರ ಕೈಯಲ್ಲೂ ಇರುವುದಿಲ್ಲ. ಹೊಸ ಮದ್ದು ಸಿಗದ ಗುಂಪಿಗೆ ಬಿದ್ದರೆ ಅಪ್ಪನಿಗೆ ಏನು ಸಿಗುತ್ತದೆ? ಈಗ ಸಿಗುತ್ತಿರುವುದಕ್ಕಿಂತ ಕಡಿಮೆ ಆಗಬಾರದು. ಎಷ್ಟು ಸಲ ಜಾಸ್ತಿ ಬರಬೇಕು, ಎಷ್ಟು ಸಲ ರಕ್ತ ತೆಗೆಯುತ್ತಾರೆ, ಖರ್ಚು ಯಾರದ್ದು? ಬೆನ್ನು ನೋವು ಇರುವವರಿಗೆ ತಿಂಗಳಿಗೆ ನಾಲ್ಕು ಸಲ ಬಸ್ಸು ಹತ್ತುವುದೂ ಒಂದು ಅಡ್ಡ ಪರಿಣಾಮವೇ.

ಕಾನೂನು ನಿಮ್ಮ ಕಡೆಗಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಇದೆ. ಟ್ರಯಲ್‌ನಲ್ಲಿ ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಿರಬೇಕು, ಅವರನ್ನು ಹೇಗೆ ಸಂಪರ್ಕಿಸುವುದು ಅನ್ನುವುದು ಒಪ್ಪಿಗೆ ಪತ್ರದಲ್ಲೇ ಇರಬೇಕು. ಸಿಟಿಆರ್‌ಐ ಅಂತ ಟ್ರಯಲ್‌ಗಳಿಗೆ ದೇಶದ ನೋಂದಣಿ ಇದೆ, 2007ರಲ್ಲಿ ಶುರುವಾದದ್ದು, 2009ರಿಂದ ಕಡ್ಡಾಯ. ಆ ನಂಬರ್ ಕೇಳಿ ತಗೊಂಡರೆ ಮೊಬೈಲ್‌ನಲ್ಲೇ ನೋಡಬಹುದು. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಮನೆಗೆ ತನ್ನಿ, ಎರಡು ದಿನ ಇಟ್ಟುಕೊಳ್ಳಿ. ಅಪ್ಪನಿಗೆ ತುಳು ಸುಲಭ ಅಂದರೆ ತುಳುವಿನಲ್ಲೇ ಹೇಳಿಸಿ, ನಮ್ಮಲ್ಲಿ ದಿನಾ ಹಾಗೇ ಹೇಳುತ್ತೇವೆ. ನಡುವೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಮಾಮೂಲಿ ಚಿಕಿತ್ಸೆ ನಿಲ್ಲುವ ಹಾಗಿಲ್ಲ. ಸೇರುವುದಿಲ್ಲ ಅಂದರೂ ಯಾರೂ ಮುಖ ಸಣ್ಣ ಮಾಡಬಾರದು.

ಆದರೆ ಇಲ್ಲೇ ಒಂದು ಗಂಟು ಇದೆ, ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಸಹಿ ಹಾಕಬೇಕಾದವರು ಅಪ್ಪ. ನೀವಲ್ಲ, ಅಣ್ಣನೂ ಅಲ್ಲ. ಕಫ ಕಟ್ಟಿದೆ ಅಂದುಕೊಂಡಿರುವ ಮನುಷ್ಯನಿಂದ ಕ್ಯಾನ್ಸರ್ ಟ್ರಯಲ್‌ಗೆ ಸಹಿ ತಗೊಳ್ಳಲಿಕ್ಕೆ ಆಗುವುದಿಲ್ಲ, ತಗೊಳ್ಳಲೂಬಾರದು.

ಹೇಳಬೇಡಿ ಅಂತ ನನ್ನ ಹತ್ತಿರ ಮೊದಲೇ ಬಂದು ಬೇಡಿಕೊಳ್ಳುವ ಮಕ್ಕಳು ತುಂಬಾ ಜನ. ಅದು ಪ್ರೀತಿ, ನನಗೆ ಗೊತ್ತು. ಮೂಲ್ಕಿ ಕಡೆಯ ಒಬ್ಬರ ಮಗ ಹಾಗೆ ಕೇಳಿಕೊಂಡು ಹೊರಗೆ ಬಿಲ್ ಕಟ್ಟಲು ಹೋಗಿದ್ದಾಗ ಅಪ್ಪ ನನ್ನ ಕಡೆ ಬಾಗಿ ಹೇಳಿದರು, ‘ಡಾಕ್ಟ್ರೇ, ಹೊರಗೆ ಬೋರ್ಡಲ್ಲಿ ಕ್ಯಾನ್ಸರ್ ವಿಭಾಗ ಅಂತ ಬರೆದದ್ದು ನನಗೆ ಓದ್ಲಿಕ್ಕೆ ಬರ್ತದೆ. ಮಗನಿಗೆ ಹೇಳ್ಬೇಡಿ, ಅವನು ತಡ್ಕೊಳ್ಳುವುದಿಲ್ಲ.’ ನಾಲ್ಕು ತಿಂಗಳು ಒಂದೇ ಮನೆಯಲ್ಲಿ ಅಪ್ಪ ಮಗ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಅತ್ತಿದ್ದರು. ನಿಮ್ಮ ಅಪ್ಪ ಇಡೀ ಜೀವನ ಬೋರ್ಡ್ ಓದಿಕೊಂಡು ಬಸ್ಸು ಓಡಿಸಿದವರು.

ಪೂರ್ತಿ ಹೇಳಿದರೂ ಎಲ್ಲರಿಗೂ ಅರ್ಥವಾಗಿರುವುದಿಲ್ಲ ಅನ್ನುವುದೂ ಗೊತ್ತಿರಲಿ. 2012ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್‌ಗೆ ಕೀಮೋ ತಗೊಳ್ಳುತ್ತಿದ್ದವರಲ್ಲಿ ನೂರಕ್ಕೆ 69 ಜನಕ್ಕೆ ಆ ಕೀಮೋದಿಂದ ಕಾಯಿಲೆ ಪೂರ್ತಿ ಹೋಗುವ ಸಾಧ್ಯತೆ ಇಲ್ಲ ಅನ್ನುವುದು ತಿಳಿದಿರಲಿಲ್ಲ. ಹಾಗಾಗಿ ಒಂದೇ ಸಲ ಕೂರಿಸಿ ಎಲ್ಲ ಹೇಳಿ ಮುಗಿಸುವುದು ಬೇಡ. ಸಂಜೆ ಚಾ ಕುಡಿಯುವಾಗ ಸುಮ್ನೆ ಕೇಳಿ: ‘ಅಪ್ಪ, ನಿಮಗೆ ಏನಾಗಿದೆ ಅಂತ ನಿಮಗೆ ಅನ್ನಿಸ್ತದೆ?’ ಅವರು ಹೇಳುವುದನ್ನು ಕೇಳಿ. ಆಮೇಲೆ, ‘ಡಾಕ್ಟ್ರು ಎಲ್ಲ ವಿವರ ನಿಮಗೇ ಹೇಳ್ಬೇಕಾ, ನಮಗೆ ಹೇಳಿದ್ರೆ ಸಾಕಾ?’ ‘ನೀವೇ ನೋಡ್ಕೊಳ್ಳಿ’ ಅಂದರೆ ಅದೂ ಅವರ ಹಕ್ಕು, ಬಲವಂತ ಬೇಡ. ಆದರೆ ಆ ಮಾತು ಅವರ ಬಾಯಿಂದ ಬರಲಿ. ತಿಂಗಳ ಲೆಕ್ಕ ಅವರು ಕೇಳಿದರೆ ಮಾತ್ರ.

ಗೊತ್ತಾದರೆ ಏನು ಉಪಯೋಗ ಅಂದರೆ, ಅವರಿಗೆ ಬೇಕಾದದ್ದನ್ನು ಅವರೇ ಹೇಳಬಹುದು. ಒಬ್ಬರು ಕುಟುಂಬದ ಮನೆಯ ಕೋಲಕ್ಕೆ ಹೋಗಲೇಬೇಕು ಅಂದರು, ಅದೇ ವಾರ ಕೀಮೋ ಇತ್ತು. ನಾಲ್ಕು ದಿನ ಮುಂದಕ್ಕೆ ಹಾಕಿದೆವು. ನೋವಿನ ಮಾತ್ರೆ ಹೊತ್ತು ಹೊತ್ತಿಗೆ ಪೊಟ್ಟಣ ಕಟ್ಟಿ ಸೊಸೆಯ ಕೈಗೆ ಕೊಟ್ಟೆವು. ಬೆಳಗಿನ ಜಾವದವರೆಗೆ ಕೂತಿದ್ದರಂತೆ, ಒರಗಿಕೊಳ್ಳಲು ಎರಡು ದಿಂಬು ಇಟ್ಟುಕೊಂಡು. ಮುಂದಿನ ವಾರ ಬಂದು ಟೇಬಲ್ ಮೇಲೆ ಗಂಧದ ಪ್ರಸಾದ ಇಟ್ಟರು. ನಾಲ್ಕು ದಿನ ಮುಂದೆ ಹೋದದ್ದರಿಂದ ಚಿಕಿತ್ಸೆಗೆ ಏನೂ ಕೊರತೆ ಆಗಲಿಲ್ಲ, ಆದರೆ ಅವರು ಕೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಮುಂದೆ ಯಾವಾಗಲಾದರೂ ಅಪ್ಪ ದಿನದ ಹೆಚ್ಚಿನ ಹೊತ್ತು ಮಲಗಿಯೇ ಇರುವ ಹಾಗಾದರೆ, ಇನ್ನೊಂದು ಕೀಮೋ ಬೇಕಾ ಅನ್ನುವ ಪ್ರಶ್ನೆ ಬರುತ್ತದೆ. ಆ ಹಂತದಲ್ಲಿ ಸಾಮಾನ್ಯವಾಗಿ ಕೀಮೋದಿಂದ ಲಾಭಕ್ಕಿಂತ ಸಂಕಟ ಜಾಸ್ತಿ. ಅವತ್ತು ಅವರ ಮನಸ್ಸು ನಿಮಗೆ ಗೊತ್ತಿದ್ದರೆ ನಿರ್ಧಾರದ ಭಾರ ನಿಮ್ಮೊಬ್ಬರ ತಲೆ ಮೇಲೆ ಬೀಳುವುದಿಲ್ಲ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಇವತ್ತೇ ಶುರು ಮಾಡಿ. ಒಂದು ನೋಟ್‌ಬುಕ್ ತಗೊಂಡು ದಿನಾ ನಾಲ್ಕು ಸಾಲು ಬರೆಯಿರಿ. ಊಟ, ನಿದ್ದೆ, ನೋವು ಹತ್ತರಲ್ಲಿ ಎಷ್ಟು, ವಾಂತಿ, ಏದುಸಿರು. ಇದು ಸಣ್ಣ ಕೆಲಸ ಅನ್ನಿಸಬಹುದು. ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ತಗೊಳ್ಳುತ್ತಿದ್ದ 766 ಜನರಲ್ಲಿ ಒಂದು ಗುಂಪು ಹನ್ನೆರಡು ಬಗೆಯ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ಬರೆದು ಕಳಿಸುತ್ತಿದ್ದರು. ಜಾಸ್ತಿಯಾದರೆ ಸಿಸ್ಟರ್‌ಗೆ ಸಂದೇಶ ಹೋಗುತ್ತಿತ್ತು, ಅವರು ಫೋನ್ ಮಾಡುತ್ತಿದ್ದರು. ಹೊಸ ಮದ್ದು ಏನೂ ಇಲ್ಲ. 2017ರಲ್ಲಿ ಲೆಕ್ಕ ಹಾಕಿದಾಗ ಆ ಗುಂಪಿನ ನಡುವಿನ ಆಯುಷ್ಯ 31.2 ತಿಂಗಳು, ಮಾಮೂಲಿ ಗುಂಪಿನದ್ದು 26. ಐದು ತಿಂಗಳ ವ್ಯತ್ಯಾಸ, ಬರೆದು ತಿಳಿಸಿದ್ದಕ್ಕೆ.

ನಮ್ಮಲ್ಲಿ ಒಬ್ಬರ ಹೆಂಡತಿ ಹಾಗೇ ಬರೆಯುತ್ತಿದ್ದರು, ಮೊಮ್ಮಗನ ಹಳೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ. ‘ಬುಧವಾರ. ಗಂಜಿ ಒಂದು ಲೋಟ. ರಾತ್ರಿ ಬೆನ್ನು ನೋವು.’ ‘ಗುರುವಾರ. ಎಡಗಾಲಿನ ಚಪ್ಪಲಿ ಜಾರಿ ಹೋಗ್ತದೆ.’ ‘ಶುಕ್ರವಾರ. ಚಪ್ಪಲಿ ಎರಡು ಸಲ ಬಿತ್ತು.’ ರೋಗಿಯನ್ನು ಕೇಳಿದರೆ ‘ಆರಾಮ್ ಇದ್ದೇನೆ’ ಅಂದಿದ್ದರು. ಆ ಚಪ್ಪಲಿ ಓದಿದ ಕೂಡಲೇ ಅವತ್ತೇ ಸಂಜೆ ಎಂಆರ್‌ಐ ಮಾಡಿಸಿದೆವು. ಬೆನ್ನುಮೂಳೆಯ ಗಡ್ಡೆ ನರವನ್ನು ಒತ್ತುತ್ತಿತ್ತು. ಸ್ಟಿರಾಯ್ಡ್ ಕೊಟ್ಟು, ರೇಡಿಯೇಶನ್ ಶುರು ಮಾಡಿದೆವು. ಅವರು ಕೊನೆಯವರೆಗೂ ನಡೆದುಕೊಂಡೇ ಬಾತ್‌ರೂಮಿಗೆ ಹೋದರು.

ನಿಮ್ಮ ಅಪ್ಪನಿಗೂ ಬೆನ್ನುಮೂಳೆಗೆ ಹೋಗಿದೆ ಅಂದಿದ್ದೀರಿ. ಹಾಗಾಗಿ ಇದನ್ನು ಮನೆಯವರೆಲ್ಲ ತಿಳಿದಿರಿ: ಬೆನ್ನು ನೋವು ಒಮ್ಮೆಲೇ ಜಾಸ್ತಿಯಾದರೆ, ಕಾಲು ಸೋತರೆ ಅಥವಾ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಕೀಮೋ ಆದ ಮೇಲೆ ಜ್ವರ 100.4 ಡಿಗ್ರಿ ಮುಟ್ಟಿದರೂ ಅಷ್ಟೇ. ಮನೆಯಲ್ಲೇ ಪ್ಯಾರಾಸಿಟಮಾಲ್ ಕೊಟ್ಟು ನೋಡೋಣ ಅನ್ನಬೇಡಿ, ಬಿಳಿ ರಕ್ತಕಣ ಇಳಿದಿರುತ್ತದೆ. ನಡುರಾತ್ರಿಯಾದರೂ ಕೀಮೋ ಕೊಡುತ್ತಿರುವ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೊರಡಿ, ಫೈಲ್ ಜೊತೆಗಿರಲಿ. ಅಲ್ಲಿಗೆ ಕರೆದುಕೊಂಡು ಹೋಗಲಿಕ್ಕೆ ರಿಕ್ಷಾ ಯಾರದ್ದು, ಕಾರು ಯಾರದ್ದು ಅಂತ ಈಗಲೇ ಮಾತಾಡಿ, ನಂಬರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ.